ದಾವಣಗೆರೆ–ಚಿತ್ರದುರ್ಗದ ಮೇಲೆ ಹಾರುವ ಮುನ್ನ: ಏರ್‌ಸ್ಪೇಸ್ ಕ್ಲಾಸ್ ಮತ್ತು ಹವಾಮಾನದ ಕನಿಷ್ಠ ಮಿತಿ

ಪೈಲಟ್ ಪರೀಕ್ಷೆಯ ಏರ್ ರೆಗ್ಯುಲೇಷನ್ ಪತ್ರಿಕೆಗೆ ಓದುವವರೆಲ್ಲ ವಿಎಫ್‌ಆರ್ (ಕಣ್ಣಿನಿಂದ ಹೊರಗೆ ನೋಡಿಕೊಂಡು ಹಾರುವ ನಿಯಮ) ಹವಾಮಾನದ ಕೋಷ್ಟಕವನ್ನು ಬಾಯಿಪಾಠ ಮಾಡಿರುತ್ತಾರೆ: ಗೋಚರತೆ 5 ಕಿ.ಮೀ., ಮೋಡದಿಂದ ಅಡ್ಡಕ್ಕೆ 1,500 ಮೀಟರ್, ಮೇಲಕ್ಕೂ ಕೆಳಕ್ಕೂ 1,000 ಅಡಿ, 10,000 ಅಡಿ ಮುಟ್ಟಿದ ಮೇಲೆ ಗೋಚರತೆ 8 ಕಿ.ಮೀ. ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಪರೀಕ್ಷೆಯಲ್ಲಿ ಶೇ 70 ದಾಟಲು ಇಷ್ಟು ನೆರವಾಗುತ್ತದೆ. ಹಾರುವಾಗ ಮಾತ್ರ ಇದು ಸಾಲದು. ಕೋಷ್ಟಕದ ಒಂದು ಅಳತೆ ಸಮುದ್ರ ಮಟ್ಟದಿಂದ, ಇನ್ನೊಂದು ನಿಮ್ಮ ಕೆಳಗಿನ ನೆಲದಿಂದ. ಕರಾವಳಿಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಬಯಲುಸೀಮೆಯಲ್ಲಿ ನೆಲವೇ ಸುಮಾರು 2,000 ಅಡಿ ಮೇಲಿದೆ, ಗುಡ್ಡಗಳು ಇನ್ನೂ ಮೇಲೆ. ಹಾಗಾಗಿ ಕೋಷ್ಟಕವನ್ನು ಊರೂರಿಗೆ ಲೆಕ್ಕ ಹಾಕಿಕೊಳ್ಳದೆ ಹೊರಡಬಾರದು.

ದಾವಣಗೆರೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಇಲ್ಲಿನ ಮತ್ತು ಚಿತ್ರದುರ್ಗದ ಮಕ್ಕಳು ಜಕ್ಕೂರಿಗೋ ಬೆಳಗಾವಿಗೋ ಕಲಬುರಗಿಗೋ ಹೋಗಿ ಕಲಿಯುತ್ತಾರೆ. ತಮ್ಮ ಊರನ್ನು ಮೇಲಿನಿಂದ ನೋಡುವುದು ಕ್ರಾಸ್‌ಕಂಟ್ರಿ (ಒಂದೂರಿಂದ ಇನ್ನೊಂದೂರಿನ) ಹಾರಾಟದಲ್ಲಿ. ಸ್ಟೂಡೆಂಟ್ ಪೈಲಟ್ ಲೈಸೆನ್ಸ್ ಇದ್ದವರು ಅಂಥ ಹಾರಾಟಕ್ಕೆ ಹೊರಡಬೇಕಾದರೆ ಕನಿಷ್ಠ 10 ಗಂಟೆ ಸೋಲೊ (ಒಬ್ಬರೇ ಹಾರಿದ್ದು) ಆಗಿರಬೇಕು, ರೆಗ್ಯುಲೇಷನ್, ನ್ಯಾವಿಗೇಷನ್, ಮೆಟಿಯರಾಲಜಿ, ವಿಮಾನ ಮತ್ತು ಎಂಜಿನ್ ವಿಷಯಗಳು ಪಾಸಾಗಿರಬೇಕು. ಹಾರಾಟ ವಿಎಫ್‌ಆರ್‌ನಲ್ಲೇ, ಇನ್‌ಸ್ಟ್ರಕ್ಟರ್ ಒಪ್ಪಿಗೆ ಮತ್ತು ಮೇಲ್ವಿಚಾರಣೆಯಲ್ಲೇ, ಪ್ರಯಾಣಿಕರಿಲ್ಲದೆ. ಈ ಬರಹ ಆ ಹಂತಕ್ಕೆ ಬಂದವರಿಗಾಗಿ.

ಯಾವ ಕ್ಲಾಸ್‌ನಲ್ಲಿ ಇದ್ದೀರಿ

ಐಸಿಎಒ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ಪಟ್ಟಿಯಲ್ಲಿ ಎ ಇಂದ ಜಿ ವರೆಗೆ ಏಳು ಏರ್‌ಸ್ಪೇಸ್ ಕ್ಲಾಸ್‌ಗಳಿವೆ. ನಮ್ಮಲ್ಲಿ ತರಬೇತಿ ವಿಮಾನ ಓಡಾಡುವ ಎತ್ತರದಲ್ಲಿ ನೀವು ತಿಳಿದಿರಬೇಕಾದದ್ದು ಡಿ, ಇ, ಎಫ್, ಜಿ. ಇಲ್ಲಿ ಒಂದು ಎಚ್ಚರಿಕೆ. ಅಮೆರಿಕದ ವಿಡಿಯೊ ನೋಡಿ ಓದುವವರು ಅಲ್ಲಿನ ಲೆಕ್ಕವನ್ನೇ ತಲೆಗೆ ಹಾಕಿಕೊಂಡು ಬರುತ್ತಾರೆ: 3 ಮೈಲಿ ಗೋಚರತೆ, ಮೋಡಕ್ಕಿಂತ 500 ಅಡಿ ಕೆಳಗೆ, 1,000 ಅಡಿ ಮೇಲೆ, 2,000 ಅಡಿ ದೂರ. ಅದು ಅಲ್ಲಿನ ಕಾನೂನು. ನಮ್ಮಲ್ಲಿ ಮೋಡದ ಕೆಳಗೆ ಬಿಡಬೇಕಾದ ಅಂತರ 1,000 ಅಡಿ, ಅಂದರೆ ಅದರ ಎರಡು ಪಟ್ಟು. ಅಡ್ಡಕ್ಕೆ ಬಿಡಬೇಕಾದ 1,500 ಮೀಟರ್ ಎಂದರೆ ಸುಮಾರು 4,900 ಅಡಿ.

ಕ್ಲಾಸ್ ಡಿ ಎಂದರೆ ನಿಲ್ದಾಣದ ಸುತ್ತಲಿನ ಕಂಟ್ರೋಲ್ ಜೋನ್, ಅದರ ಮೇಲಿನ ಟರ್ಮಿನಲ್ ಏರಿಯಾ, ಕಂಟ್ರೋಲ್ ಏರಿಯಾ. ಕಂಟ್ರೋಲ್ ಜೋನ್ ನೆಲದಿಂದಲೇ ಶುರುವಾಗುತ್ತದೆ, ಅಪ್ರೋಚ್ ದಿಕ್ಕಿನಲ್ಲಿ ನಿಲ್ದಾಣದ ಕೇಂದ್ರದಿಂದ ಕನಿಷ್ಠ 5 ನಾಟಿಕಲ್ ಮೈಲಿ ಚಾಚಿರುತ್ತದೆ. ಒಳಗೆ ಹೋಗಲು ಕ್ಲಿಯರೆನ್ಸ್ (ಟವರ್‌ನ ಅನುಮತಿ) ಬೇಕು, ಎರಡೂ ಕಡೆಯ ರೇಡಿಯೊ ಸಂಪರ್ಕ ಬೇಕು. ಕ್ಲಿಯರೆನ್ಸ್ ಸಿಕ್ಕಿತೆಂದರೆ ಟವರ್ ನಮ್ಮನ್ನು ಬೇರೆ ವಿಮಾನಗಳಿಂದ ದೂರ ಇಡುತ್ತದೆ ಎಂದು ಹೊಸಬರು ಅಂದುಕೊಳ್ಳುತ್ತಾರೆ. ಡಿ ಯಲ್ಲಿ ಟವರ್ ಬೇರ್ಪಡಿಸುವುದು ಐಎಫ್‌ಆರ್ (ಉಪಕರಣ ನೋಡಿ ಹಾರುವ) ವಿಮಾನವನ್ನು ಐಎಫ್‌ಆರ್ ವಿಮಾನದಿಂದ. ವಿಎಫ್‌ಆರ್‌ನಲ್ಲಿರುವ ನಿಮಗೆ ಸಿಗುವುದು ಟ್ರಾಫಿಕ್ ಮಾಹಿತಿ ಮಾತ್ರ: ಯಾರು, ಎಲ್ಲಿ, ಎಷ್ಟು ಎತ್ತರದಲ್ಲಿ. ನೋಡಿ ತಪ್ಪಿಸಿಕೊಳ್ಳುವ ಹೊಣೆ ನಿಮ್ಮದೇ. ಹುಬ್ಬಳ್ಳಿಯಲ್ಲಿ ಏರ್‌ಲೈನ್ ವಿಮಾನ ಬರುತ್ತಿದೆ ಎಂದು ಟವರ್ ಹೇಳಿದರೆ ‘ಟ್ರಾಫಿಕ್ ಇನ್ ಸೈಟ್’ ಎನ್ನುವ ಮೊದಲು ನಿಜಕ್ಕೂ ಕಂಡಿರಬೇಕು. ಕಾಣದಿದ್ದರೆ ಕಾಣಲಿಲ್ಲ ಎಂದೇ ಹೇಳಿ. ಆಗ ಅವರು ನಿಮಗೆ ಕಾಯಲು ಹೇಳುತ್ತಾರೆ ಅಥವಾ ಬೇರೆ ದಾರಿ ಕೊಡುತ್ತಾರೆ.

ಇ ಮತ್ತು ಎಫ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಿಲ್ದಾಣಗಳ ನಡುವಿನ ಎಟಿಎಸ್ ರೂಟ್‌ಗಳಲ್ಲಿ (ವಿಮಾನಗಳ ನಿಗದಿತ ಹಾದಿಗಳಲ್ಲಿ) ಐಎಫ್‌ಆರ್ ವಿಮಾನಗಳಿಗೆ ಪೂರ್ಣ ಕಂಟ್ರೋಲ್ ಸೇವೆ ಇದ್ದರೆ ಇ, ಸಲಹಾ ಸೇವೆ ಇದ್ದರೆ ಎಫ್. ಉಳಿದದ್ದೆಲ್ಲ ಜಿ. ದಾವಣಗೆರೆ ಜಿಲ್ಲೆಯ ಗದ್ದೆ ತೋಟಗಳ ಮೇಲೆ ತಗ್ಗಿನಲ್ಲಿ ಹಾರುವಾಗ ನೀವಿರುವುದು ಬಹುಪಾಲು ಜಿ ಯಲ್ಲಿ. ಅಲ್ಲಿ ಕ್ಲಿಯರೆನ್ಸ್ ಬೇಡ, ಸಿಗುವುದು ಮಾಹಿತಿ ಸೇವೆ ಮಾತ್ರ. ಆದರೆ ಜಿ ಎಂದರೆ ಹೇಳದೆ ಕೇಳದೆ ಹಾರುವ ಜಾಗವೂ ಅಲ್ಲ. ಕ್ರಾಸ್‌ಕಂಟ್ರಿಗೆ ಫ್ಲೈಟ್ ಪ್ಲಾನ್, ಏರ್ ಡಿಫೆನ್ಸ್ ಕ್ಲಿಯರೆನ್ಸ್‌ನ ಎಡಿಸಿ ನಂಬರ್, ಫ್ಲೈಟ್ ಇನ್ಫರ್ಮೇಷನ್ ಸೆಂಟರ್‌ನ ಎಫ್‌ಐಸಿ ನಂಬರ್ ಪಡೆದೇ ಹೊರಡಬೇಕು. ಎರಡೂ ನಂಬರನ್ನು ಮಂಡಿಯ ಮೇಲಿನ ಪ್ಯಾಡ್‌ನಲ್ಲಿ ದಪ್ಪಕ್ಷರದಲ್ಲಿ ಬರೆದಿಡಿ. ರೇಡಿಯೊದಲ್ಲಿ ಕೇಳಿದಾಗ ಕಾಗದ ಹುಡುಕುತ್ತಾ ಕೂತರೆ ಕಣ್ಣು ಹೊರಗಿರುವುದಿಲ್ಲ.

ಚಳ್ಳಕೆರೆ ಕಡೆಯ ಆಕಾಶ

ಕ್ಲಾಸ್ ಯಾವುದೇ ಇರಲಿ, ಅದರ ಮೇಲೆ ಇನ್ನೊಂದು ಪದರ ಬರುತ್ತದೆ: ಪ್ರೊಹಿಬಿಟೆಡ್, ರಿಸ್ಟ್ರಿಕ್ಟೆಡ್, ಡೇಂಜರ್ ಏರಿಯಾಗಳು. ಮೊದಲನೆಯದರೊಳಗೆ ಹೋಗುವಂತೆಯೇ ಇಲ್ಲ. ಎರಡನೆಯದಕ್ಕೆ ಷರತ್ತುಗಳಿವೆ. ಮೂರನೆಯದರಲ್ಲಿ ಹೇಳಿದ ಸಮಯದಲ್ಲಿ ಅಪಾಯದ ಚಟುವಟಿಕೆ ನಡೆಯುತ್ತದೆ.

ಚಿತ್ರದುರ್ಗದವರಿಗೆ ಇದು ಪುಸ್ತಕದ ಮಾತಲ್ಲ. ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿ ಡಿಆರ್‌ಡಿಒದ ಏರೊನಾಟಿಕಲ್ ಟೆಸ್ಟ್ ರೇಂಜ್ ಇದೆ, 2017ರಲ್ಲಿ ಉದ್ಘಾಟನೆಯಾದದ್ದು. ಮಾನವರಹಿತ ವಿಮಾನಗಳ ಪರೀಕ್ಷೆ ಅಲ್ಲೇ ನಡೆಯುತ್ತದೆ. 2023ರ ಏಪ್ರಿಲ್ 2ರಂದು ಇಸ್ರೊ ತನ್ನ ಮರುಬಳಕೆಯ ಉಡಾವಣಾ ವಾಹನವನ್ನು ಚಿನೂಕ್ ಹೆಲಿಕಾಪ್ಟರ್‌ಗೆ ಕಟ್ಟಿ 4.5 ಕಿ.ಮೀ. ಎತ್ತರದಿಂದ ಬಿಟ್ಟು, ಅಲ್ಲಿನ ರನ್‌ವೇ ಮೇಲೆ ತಾನಾಗಿ ಇಳಿಸಿತು. 4.5 ಕಿ.ಮೀ. ಅಂದರೆ ಸುಮಾರು 15,000 ಅಡಿ. ನೀವು ಹಾರುವ ಎಲ್ಲ ಎತ್ತರವೂ ಅದರ ಕೆಳಗೇ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ತಪಸ್ ಡ್ರೋನ್ ಒಂದು ಹಿರಿಯೂರು ತಾಲ್ಲೂಕಿನ ಹೊಲದಲ್ಲಿ ಬಿತ್ತು. ಪರೀಕ್ಷಾ ಪ್ರದೇಶದ ಅಂಚನ್ನು ಸವರಿಕೊಂಡು ಹೋಗುವ ರೂಟ್ ಹಾಕಬಾರದು, ಸಾಕಷ್ಟು ಅಂತರ ಬಿಟ್ಟು ಹಾಕಬೇಕು. ಹಿರಿಯೂರು–ಚಿತ್ರದುರ್ಗ–ದಾವಣಗೆರೆ ಹೆದ್ದಾರಿಯ ಪಶ್ಚಿಮ ಬದಿಗೆ ರೂಟ್ ಇಟ್ಟುಕೊಂಡು, ಪೂರ್ವಕ್ಕೆ ಸರಿಯದೆ ಹೋಗುವುದು ಒಳ್ಳೆಯ ಅಭ್ಯಾಸ.

ಗಡಿ ಮತ್ತು ಎತ್ತರಗಳನ್ನು ಯಾರದೋ ವಾಟ್ಸ್ಆ್ಯಪ್ ಚಿತ್ರದಿಂದ ತೆಗೆದುಕೊಳ್ಳಬೇಡಿ. ವಿಮಾನ ನಿಲ್ದಾಣ ಪ್ರಾಧಿಕಾರದ (ಎಎಐ) ಜಾಲತಾಣದಲ್ಲಿ ಎಐಪಿ ಎಂಬ ಅಧಿಕೃತ ವಾಯುಯಾನ ಮಾಹಿತಿ ಪುಸ್ತಕ ಉಚಿತವಾಗಿ ಸಿಗುತ್ತದೆ. ಅದರಲ್ಲಿ ವಿಎಫ್‌ಆರ್ ನಿಯಮಕ್ಕೆ ಇಎನ್‌ಆರ್ 1.2 ಭಾಗ, ಕ್ಲಾಸ್‌ಗಳಿಗೆ ಇಎನ್‌ಆರ್ 1.4, ನಿರ್ಬಂಧಿತ ಪ್ರದೇಶಗಳಿಗೆ ಇಎನ್‌ಆರ್ 5.1 ತೆಗೆಯಿರಿ. ಎಐಪಿಗೆ ಏರ್ಯಾಕ್ ಎಂಬ ತಿದ್ದುಪಡಿಗಳು 28 ದಿನಗಳ ಚಕ್ರದಲ್ಲಿ ಬರುತ್ತವೆ, ಹಾಗಾಗಿ ಕಳೆದ ಬ್ಯಾಚಿನವರು ಕೊಟ್ಟ ಪ್ರಿಂಟ್ ನಂಬುವಂತಿಲ್ಲ. ಆಮೇಲೆ ನೋಟಾಮ್ (ಪೈಲಟ್‌ಗಳಿಗೆ ಹೊರಡಿಸುವ ತಾತ್ಕಾಲಿಕ ಸೂಚನೆ). ಗಡಿಯ ಅಕ್ಷಾಂಶ ರೇಖಾಂಶಗಳನ್ನು ಚಾರ್ಟಿನ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಬರೀ ಓದಿ ಬಿಟ್ಟರೆ ಆಕಾರ ತಲೆಗೆ ಹತ್ತುವುದಿಲ್ಲ. ಸಮಯ ಯುಟಿಸಿಯಲ್ಲಿರುತ್ತದೆ (ನಮಗಿಂತ ಐದೂವರೆ ಗಂಟೆ ಹಿಂದಿನ ಜಾಗತಿಕ ಸಮಯ): 0330ರಿಂದ 1130 ಎಂದರೆ ನಮ್ಮ ಬೆಳಿಗ್ಗೆ 9ರಿಂದ ಸಂಜೆ 5. ಇದನ್ನು ನಸುಕಿನ 3:30 ಎಂದು ಓದಿಕೊಂಡು ಮಧ್ಯಾಹ್ನ ಆರಾಮ ಎಂದುಕೊಳ್ಳುವುದು ತೀರಾ ಸಾಮಾನ್ಯ ತಪ್ಪು. ಎತ್ತರ ಸಮುದ್ರ ಮಟ್ಟದಿಂದಲೋ, ನೆಲದಿಂದಲೋ, ಫ್ಲೈಟ್ ಲೆವೆಲ್ಲೋ ಅನ್ನುವುದನ್ನೂ ಪ್ರತಿ ಸಲ ನೋಡಿ.

ಮೂರು ಸಾಲಿನ ಕೋಷ್ಟಕ, ನಮ್ಮ ನೆಲಕ್ಕೆ

ಮೇಲಿನ ಸಾಲು ಸರಳ. ಸಮುದ್ರ ಮಟ್ಟದಿಂದ 10,000 ಅಡಿ ಮತ್ತು ಮೇಲೆ, ಯಾವ ಕ್ಲಾಸ್ ಆದರೂ 8 ಕಿ.ಮೀ., 1,500 ಮೀಟರ್, 1,000 ಅಡಿ. ತರಬೇತಿ ವಿಮಾನಕ್ಕೆ ಇದು ಅಪರೂಪ.

ಮಧ್ಯದ ಸಾಲು 10,000 ಅಡಿಯ ಕೆಳಗೆ, ಒಂದು ಗೆರೆಯ ಮೇಲೆ. ಆ ಗೆರೆ ಸಮುದ್ರ ಮಟ್ಟದಿಂದ 3,000 ಅಡಿ ಅಥವಾ ನೆಲದಿಂದ 1,000 ಅಡಿ, ಎರಡರಲ್ಲಿ ಯಾವುದು ಮೇಲೋ ಅದು. ಅಲ್ಲಿಯೂ ಎಲ್ಲ ಕ್ಲಾಸ್‌ಗೂ 5 ಕಿ.ಮೀ., 1,500 ಮೀಟರ್, 1,000 ಅಡಿ. ಗೆರೆಯ ಕೆಳಗೆ ಡಿ ಮತ್ತು ಇ ಯಲ್ಲಿ ಏನೂ ಬದಲಾಗುವುದಿಲ್ಲ. ಎಫ್ ಮತ್ತು ಜಿ ಯಲ್ಲಿ ಮಾತ್ರ ಸಡಿಲಿಕೆ: 5 ಕಿ.ಮೀ. ಗೋಚರತೆ ಜೊತೆಗೆ ಮೋಡ ಮುಟ್ಟದೆ, ನೆಲ ಕಾಣುತ್ತಾ ಇದ್ದರೆ ಸಾಕು.

ಈಗ ಗೆರೆ ಹಾಕೋಣ. ದಾವಣಗೆರೆಯ ನೆಲ ಸಮುದ್ರ ಮಟ್ಟದಿಂದ ಸುಮಾರು 602 ಮೀಟರ್, ಅಂದರೆ 1,975 ಅಡಿ. 1,000 ಸೇರಿಸಿದರೆ 2,975. ಎರಡು ಅಳತೆಯೂ ಬಹುತೇಕ ಒಂದೇ ಕಡೆ ಬಂದು ನಿಂತವು, ಗೆರೆ 3,000 ಅಡಿ. ಚಿತ್ರದುರ್ಗ ಸುಮಾರು 732 ಮೀಟರ್, 2,400 ಅಡಿ. ಅಲ್ಲಿ ಗೆರೆ 3,400. ಊರ ಪಕ್ಕದ ಜೋಗಿಮಟ್ಟಿ ಸುಮಾರು 3,800 ಅಡಿ. ಅದರ ನೆತ್ತಿಯ ಮೇಲೆ ಗೆರೆ 4,800ಕ್ಕೆ ಏರುತ್ತದೆ. ‘3,000 ಅಡಿ ಕೆಳಗೆ ಜಿ ಯಲ್ಲಿ ಮೋಡ ಮುಟ್ಟದಿದ್ದರೆ ಸಾಕು’ ಎಂದು ಒಂದೇ ಸಂಖ್ಯೆ ಹಿಡಿದುಕೊಂಡವರಿಗೆ ಚಿತ್ರದುರ್ಗದಲ್ಲಿ ಆ ಸಂಖ್ಯೆ ನೆಲದಿಂದ ಬರೀ 600 ಅಡಿ, ಜೋಗಿಮಟ್ಟಿಯಲ್ಲಿ ಗುಡ್ಡದೊಳಗೆ!

ಹೊರಡುವ ಹಿಂದಿನ ರಾತ್ರಿ ರೂಟ್‌ನ ಪ್ರತಿ ತಿರುವಿಗೆ ಮತ್ತು ಪ್ರತಿ ಎತ್ತರದ ಗುಡ್ಡಕ್ಕೆ ಹೀಗೆ ಒಂದು ಸಾಲು ಬರೆದುಕೊಳ್ಳಿ: ನೆಲದ ಎತ್ತರ, ಗೆರೆ, ಕ್ಲಾಸ್. ಬೆಳಿಗ್ಗೆ ಹವಾಮಾನ ಸಿಕ್ಕ ಮೇಲೆ ನಾಲ್ಕನೆಯ ಅಂಕಣ ತುಂಬಿ: ಮೋಡದ ತಳ, ಸಮುದ್ರ ಮಟ್ಟದಿಂದ.

ಮೆಟಾರ್‌ನಿಂದ ಆ ನಾಲ್ಕನೆಯ ಅಂಕಣ

ದಾವಣಗೆರೆಗೂ ಚಿತ್ರದುರ್ಗಕ್ಕೂ ಸ್ವಂತ ಮೆಟಾರ್ (ನಿಲ್ದಾಣದ ಹವಾಮಾನ ವರದಿ) ಇಲ್ಲದ್ದರಿಂದ ಹುಬ್ಬಳ್ಳಿ, ಬೆಂಗಳೂರು ಕಡೆಯದನ್ನು ನೋಡಿ ನಡುವಿನ ನೆಲವನ್ನು ಅಂದಾಜು ಮಾಡಬೇಕು. ಹುಬ್ಬಳ್ಳಿಯ ಮೆಟಾರ್‌ನಲ್ಲಿ ‘ಬಿಕೆಎನ್ 020’ ಎಂದಿದೆ ಎಂದುಕೊಳ್ಳಿ. ಆಕಾಶದ ಎಂಟು ಭಾಗದಲ್ಲಿ ಐದರಿಂದ ಏಳು ಭಾಗ ಮೋಡ, ತಳ 2,000 ಅಡಿ. ಈ 2,000 ಹುಬ್ಬಳ್ಳಿ ನಿಲ್ದಾಣದ ನೆಲದಿಂದ. ಅಲ್ಲಿನ ನೆಲ 2,171 ಅಡಿ. ಹಾಗಾಗಿ ಸಮುದ್ರ ಮಟ್ಟದಿಂದ ತಳ ಸುಮಾರು 4,170 ಅಡಿ.

ಅದೇ ತಳ ಚಿತ್ರದುರ್ಗದವರೆಗೂ ಮಟ್ಟಸವಾಗಿ ಹಬ್ಬಿದೆ ಎಂದಿಟ್ಟುಕೊಳ್ಳೋಣ. ಊರಿನ ಮೇಲೆ ಅದು 1,770 ಅಡಿಯಷ್ಟೇ ಮೇಲೆ. ಜೋಗಿಮಟ್ಟಿಯ ನೆತ್ತಿಗೆ 370 ಅಡಿ. ಗಾಳಿ ಗುಡ್ಡವನ್ನು ಹತ್ತುವಾಗ ತಣ್ಣಗಾಗಿ ತಳ ಇನ್ನೂ ಕೆಳಗಿಳಿಯುವುದರಿಂದ ನೆತ್ತಿ ಮೋಡದೊಳಗೇ ಹುದುಗಿರುವ ಸಾಧ್ಯತೆ ಹೆಚ್ಚು. ಹುಬ್ಬಳ್ಳಿಯಲ್ಲಿ ಸುಮಾರಾಗಿ ಕಂಡ ಆಕಾಶ ಕೋಟೆಯ ಮೇಲೆ ಹೀಗಾಗುತ್ತದೆ.

ಕಾನೂನಿನ ಲೆಕ್ಕವನ್ನೂ ನೋಡಿ. ತಳ 4,170 ಆದರೆ ಗೆರೆಯ ಮೇಲೆ ಹಾರಲು ನೀವು 3,170ರ ಕೆಳಗಿರಬೇಕು. ಚಿತ್ರದುರ್ಗದಲ್ಲಿ ಗೆರೆಯೇ 3,400, ಹಾಗಾಗಿ ಮಧ್ಯದ ಸಾಲಿನಲ್ಲಿ ನಿಮಗೆ ಜಾಗವೇ ಇಲ್ಲ. ಉಳಿದದ್ದು ಗೆರೆಯ ಕೆಳಗಿನ ಜಿ: ನೆಲದಿಂದ 1,000 ಅಡಿಯೊಳಗೆ, ಮೋಡ ಮುಟ್ಟದೆ. ಕಾಗದದ ಮೇಲೆ ಇದು ಸಮ್ಮತ. ಅದೇ ನಿಯಮ ಪುಸ್ತಕ ಜನವಸತಿಯ ಮೇಲೆ 600 ಮೀಟರ್ ತ್ರಿಜ್ಯದೊಳಗಿನ ಅತಿ ಎತ್ತರದ ಅಡ್ಡಿಗಿಂತ 1,000 ಅಡಿ ಮೇಲಿರಬೇಕು ಎನ್ನುತ್ತದೆ, ಉಳಿದೆಡೆ 500 ಅಡಿ. ಅಂದರೆ ಊರಿನ ಮೇಲೆ ಹಾರುವಂತಿಲ್ಲ, ಗುಡ್ಡದ ಕಡೆ ಹೋಗುವಂತಿಲ್ಲ. ಸುತ್ತಲಿನ ಗುಡ್ಡಸಾಲಿನ ಮೇಲೆಲ್ಲ ಗಾಳಿಯಂತ್ರಗಳು. ಹೊಸ ಯಂತ್ರಗಳ ರೆಕ್ಕೆಯ ತುದಿ 150 ಮೀಟರ್ ದಾಟುತ್ತದೆ, ಅಂದರೆ 500 ಅಡಿಗಿಂತ ಹೆಚ್ಚು. ಮಬ್ಬಿನಲ್ಲಿ ಬಿಳಿ ಕಂಬ ಬಿಳಿ ಮೋಡದ ಮುಂದೆ ಕಾಣುವುದೇ ಇಲ್ಲ. ಸೋಲೊ ವಿದ್ಯಾರ್ಥಿ ಇಂಥ ದಿನ ಹೊರಡಬಾರದು, ಇದರಲ್ಲಿ ಚರ್ಚೆಗೆ ಎಡೆಯಿಲ್ಲ.

ಮೆಟಾರ್ ಓದುವಾಗ ಇನ್ನೆರಡು ಸಂಗತಿ. ಸೀಲಿಂಗ್ ಎಂದರೆ 20,000 ಅಡಿಯ ಕೆಳಗೆ ಅರ್ಧಕ್ಕಿಂತ ಹೆಚ್ಚು ಆಕಾಶ ಮುಚ್ಚಿದ ಅತಿ ತಗ್ಗಿನ ಪದರ, ಅಂದರೆ ಬಿಕೆಎನ್ ಅಥವಾ ಒವಿಸಿ (ಆಕಾಶ ಪೂರ್ತಿ ಮುಚ್ಚಿದ್ದು). ಫ್ಯೂ ಮತ್ತು ಎಸ್‌ಸಿಟಿ (ಅರ್ಧ ಅಥವಾ ಅದಕ್ಕಿಂತ ಕಡಿಮೆ ಮೋಡ) ಸೀಲಿಂಗ್ ಅಲ್ಲ. ಆದರೆ 1,500 ಮೀಟರ್ ಮತ್ತು 1,000 ಅಡಿಯ ಅಂತರ ಚೂರುಪಾರು ಮೋಡಕ್ಕೂ ಅನ್ವಯಿಸುತ್ತದೆ. ‘ಎಸ್‌ಸಿಟಿ ತಾನೆ’ ಎಂದು ಎರಡು ಮೋಡದ ನಡುವೆ ನುಸುಳಿದರೆ ಮಿತಿ ಮುರಿದಂತೆಯೇ. ಇನ್ನೊಂದು, ತಾಪಮಾನ ಮತ್ತು ಡ್ಯೂಪಾಯಿಂಟ್ (ಗಾಳಿಯ ತೇವ ಹನಿಗಟ್ಟುವ ತಾಪಮಾನ). ಇವೆರಡರ ಅಂತರದ ಪ್ರತಿ ಡಿಗ್ರಿಗೆ 400 ಅಡಿ ಲೆಕ್ಕದಲ್ಲಿ ಕ್ಯುಮುಲಸ್ ತಳದ ಅಂದಾಜು ಸಿಗುತ್ತದೆ: 26/21 ಎಂದಿದ್ದರೆ 5 ಡಿಗ್ರಿ, ತಳ ನೆಲದಿಂದ ಸುಮಾರು 2,000 ಅಡಿ. ಬಿಸಿಲಿಗೆ ಹುಟ್ಟುವ ಮೋಡಕ್ಕೆ ಇದು ಸರಿ. ಮುಂಗಾರಿನಲ್ಲಿ ಪಶ್ಚಿಮದಿಂದ ತೇಲಿ ಬರುವ ಸ್ಟ್ರೇಟಸ್ ಎಂಬ ತಗ್ಗಿನ ಪದರಮೋಡಕ್ಕೆ ಈ ಲೆಕ್ಕ ನಂಬಬೇಡಿ.

ಕಂಟ್ರೋಲ್ ಜೋನ್‌ನ 1,500 ಅಡಿ

ಕಂಟ್ರೋಲ್ ಜೋನ್‌ನ ನಿಲ್ದಾಣದಲ್ಲಿ ಸೀಲಿಂಗ್ 1,500 ಅಡಿಗಿಂತ ಕಡಿಮೆ ಅಥವಾ ನೆಲಗೋಚರತೆ 5 ಕಿ.ಮೀ.ಗಿಂತ ಕಡಿಮೆ ಇದ್ದರೆ ಕ್ಲಿಯರೆನ್ಸ್ ಇಲ್ಲದೆ ವಿಎಫ್‌ಆರ್ ವಿಮಾನ ಮೇಲೇರುವಂತಿಲ್ಲ, ಇಳಿಯುವಂತಿಲ್ಲ, ಸರ್ಕ್ಯೂಟ್ (ನಿಲ್ದಾಣದ ಸುತ್ತಿನ ಹಾರಾಟದ ಹಾದಿ) ಸೇರುವಂತಿಲ್ಲ. ಇಲ್ಲಿ ಬಹಳ ಜನ ಎಡವುತ್ತಾರೆ. ಸೀಲಿಂಗ್ 1,600 ಅಡಿ ಇದೆ, ಆದ್ದರಿಂದ ಸರ್ಕ್ಯೂಟ್ ಮಾಡಬಹುದು ಎಂದುಕೊಳ್ಳುತ್ತಾರೆ. ಸರ್ಕ್ಯೂಟ್ ಎತ್ತರ ನೆಲದಿಂದ 1,000 ಅಡಿ. ಮೋಡಕ್ಕೆ ಉಳಿದದ್ದು 600. ಕ್ಲಾಸ್ ಡಿ ಯಲ್ಲಿ 1,000 ಬೇಕು. ಎರಡು ನಿಯಮವೂ ಒಟ್ಟಿಗೆ ಅನ್ವಯಿಸುತ್ತವೆ, ಯಾವುದು ಬಿಗಿಯೋ ಅದು ಗೆಲ್ಲುತ್ತದೆ. 1,000 ಅಡಿಯ ಸರ್ಕ್ಯೂಟ್‌ಗೆ ಮೋಡದ ತಳ 2,000 ಅಡಿ ಬೇಕು ಎಂದು ನೆನಪಿಡಿ.

ಇದಕ್ಕೂ ಕೆಳಗೆ ಸ್ಪೆಷಲ್ ವಿಎಫ್‌ಆರ್ ಇದೆ, ನೆಲಗೋಚರತೆ 1,500 ಮೀಟರ್‌ವರೆಗೆ, ಕಂಟ್ರೋಲ್ ಜೋನ್ ಒಳಗೆ ಮಾತ್ರ, ಟವರ್ ಒಪ್ಪಿದರೆ. ಸೋಲೊ ವಿದ್ಯಾರ್ಥಿ ಇದನ್ನು ಕೇಳಿಕೊಂಡು ಹೊರಡಬಾರದು. ಕಾರಣಕ್ಕೆ ಗಣಿತ ಮಾಡಿ ನೋಡಿ: 90 ನಾಟ್ ವೇಗದಲ್ಲಿ ಸೆಕೆಂಡಿಗೆ 3 ಡಿಗ್ರಿಯ ಸ್ಟ್ಯಾಂಡರ್ಡ್ ರೇಟ್ ತಿರುವಿನ ವ್ಯಾಸ ಸುಮಾರು 1.77 ಕಿ.ಮೀ. ಮುಂದೆ ಕಾಣುತ್ತಿರುವುದೇ 1.5 ಕಿ.ಮೀ. ವಾಪಸ್ ತಿರುಗುವ ಜಾಗದ ಪೂರ್ತಿ ನಿಮಗೆ ಕಾಣುತ್ತಿಲ್ಲ. 30 ಡಿಗ್ರಿ ಬ್ಯಾಂಕ್ (ರೆಕ್ಕೆಯ ಓರೆ) ಕೊಟ್ಟರೆ ವ್ಯಾಸ 760 ಮೀಟರ್‌ಗೆ ಇಳಿಯುತ್ತದೆ, ಆದರೆ ಹೊರಗೆ ಹಾರಿಜಾನ್ ಇಲ್ಲದೆ 30 ಡಿಗ್ರಿ ಹಿಡಿಯುವುದು ಹೊಸಬರಿಗೆ ಸುರುಳಿಗೆ ಬೀಳುವ ದಾರಿ. ಬೇರೆಡೆ ಹಾರುವಾಗ ಹವಾಮಾನ ಕೆಟ್ಟು, ವಾಪಸಾಗಿ ಇಳಿಯಲು ಸ್ಪೆಷಲ್ ವಿಎಫ್‌ಆರ್ ಬೇಕಾದರೆ ಸಂಕೋಚವಿಲ್ಲದೆ ಕೇಳಿ, ಅದು ಬೇರೆ ಮಾತು.

ರಾತ್ರಿಯ ವಿಎಫ್‌ಆರ್ ನಮ್ಮಲ್ಲಿ ಸಾಮಾನ್ಯವಾಗಿ ಇಲ್ಲ. ಸ್ಥಳೀಯ ಹಾರಾಟ ಮತ್ತು ಫ್ಲೈಯಿಂಗ್ ಕ್ಲಬ್ ತರಬೇತಿಗೆ ಎಟಿಸಿ (ವಾಯು ಸಂಚಾರ ನಿಯಂತ್ರಣ) ಅನುಮತಿ ಕೊಟ್ಟಾಗ ಮಾತ್ರ. ಎಫ್‌ಎಲ್ (ಫ್ಲೈಟ್ ಲೆವೆಲ್) 150, ಅಂದರೆ ಸುಮಾರು 15,000 ಅಡಿಯ ಮೇಲೆ ವಿಎಫ್‌ಆರ್ ಹಾರಾಟವೂ ಇಲ್ಲ.

5 ಕಿ.ಮೀ. ಕಾಣುತ್ತಿದೆಯೋ ಇಲ್ಲವೋ

ಮೆಟಾರ್‌ನ 9999 ಎಂದರೆ 10 ಕಿ.ಮೀ. ಅಥವಾ ಹೆಚ್ಚು. ಅದು ಅಲ್ಲಿನ ನೆಲದಲ್ಲಿ ನಿಂತವರು ಕಂಡದ್ದು. ನಿಮಗೆ ಬೇಕಾದದ್ದು ಕಾಕ್‌ಪಿಟ್‌ನಿಂದ ಮುಂದಕ್ಕೆ ಕಾಣುವುದು. ಅದನ್ನು ಅಳೆಯಲು ಗಡಿಯಾರ ಸಾಕು. ಮುಂದಿನ ಕೆರೆಯ ಏರಿಯೋ, ಕಾರ್ಖಾನೆಯ ಚಿಮಣಿಯೋ, ಹರಿಹರದ ತುಂಗಭದ್ರಾ ಸೇತುವೆಯೋ ಮೊದಲ ಸಲ ಸ್ಪಷ್ಟವಾದ ಕ್ಷಣ ಸ್ಟಾಪ್‌ವಾಚ್ ಒತ್ತಿ. ಅದು ರೆಕ್ಕೆಯ ಕೆಳಗೆ ಬಂದಾಗ ನಿಲ್ಲಿಸಿ. ಗ್ರೌಂಡ್‌ಸ್ಪೀಡ್ 90 ನಾಟ್ ಆದರೆ 5 ಕಿ.ಮೀ.ಗೆ 108 ಸೆಕೆಂಡ್. ಮುಂಗಾರಿನಲ್ಲಿ ಪಶ್ಚಿಮಕ್ಕೆ ಎದುರುಗಾಳಿಯಲ್ಲಿ 70 ನಾಟ್‌ಗೆ ಇಳಿದರೆ 139 ಸೆಕೆಂಡ್. ಹಿಂಗಾಳಿಯಲ್ಲಿ 110 ಆದರೆ 88. ಅದಕ್ಕಿಂತ ಬೇಗ ಕೆಳಗೆ ಬಂತೆಂದರೆ ನೀವು ಆಗಲೇ ಮಿತಿಯ ಕೆಳಗಿದ್ದೀರಿ.

5 ಕಿ.ಮೀ. ಕೂಡ ದೊಡ್ಡ ಅಂತರವಲ್ಲ. ಎದುರಿನಿಂದ ಇನ್ನೊಂದು ವಿಮಾನವೂ 90 ನಾಟ್‌ನಲ್ಲಿ ಬರುತ್ತಿದ್ದರೆ ಕಂಡ ಕ್ಷಣದಿಂದ ಮುಖಾಮುಖಿಗೆ 54 ಸೆಕೆಂಡ್, ಅದೂ ಮೊದಲ ಕ್ಷಣದಲ್ಲೇ ಕಂಡರೆ. ನೀವು ನಕ್ಷೆ ನೋಡುತ್ತಾ 20 ಸೆಕೆಂಡ್ ತಲೆ ಬಗ್ಗಿಸಿದರೆ ಮೂರರಲ್ಲಿ ಒಂದು ಭಾಗ ಅಲ್ಲೇ ಹೋಯಿತು.

ಮೋಡದಿಂದ 1,500 ಮೀಟರ್ ದೂರ ಅಂದಾಜಿಸುವುದು ಇನ್ನೂ ಕಷ್ಟ, ಮೋಡಕ್ಕೆ ಗಾತ್ರದ ಗುರುತಿಲ್ಲ. ಬಿಸಿಲಿದ್ದರೆ ನೆಲದ ಮೇಲಿನ ಅದರ ನೆರಳನ್ನು ನೋಡಿ, ನಿಮ್ಮ ನೆರಳಿಂದ ಅದರ ಅಂಚಿಗೆ ಎಷ್ಟು ದೂರ ಎಂದು ಚಾರ್ಟ್‌ನ ಊರು, ರಸ್ತೆಗಳ ಜೊತೆ ಹೋಲಿಸಿ. ಅಳತೆಗೆ ಒಂದು ಗಜಕಡ್ಡಿ: ಶಿವಮೊಗ್ಗದ ರನ್‌ವೇ 3,050 ಮೀಟರ್, ಅದರ ಅರ್ಧ ನಿಮಗೆ ಬೇಕಾದ ದೂರ.

ಎಷ್ಟು ಎತ್ತರ ಆರಿಸುವುದು

ಚಿತ್ರದುರ್ಗದಿಂದ ದಾವಣಗೆರೆಗೆ ನೇರ ದೂರ ಸುಮಾರು 31 ನಾಟಿಕಲ್ ಮೈಲಿ, ಟ್ರ್ಯಾಕ್ (ಹಾರುವ ದಿಕ್ಕು) ಸುಮಾರು 296 ಡಿಗ್ರಿ, 90 ನಾಟ್‌ನಲ್ಲಿ 21 ನಿಮಿಷ. ನೆಲದಿಂದ 3,000 ಅಡಿಗಿಂತ ಮೇಲೆ ಮಟ್ಟಸವಾಗಿ ಹಾರುವ ವಿಎಫ್‌ಆರ್‌ಗೆ ಅರ್ಧವೃತ್ತದ ನಿಯಮ ಅನ್ವಯಿಸುತ್ತದೆ: ಮ್ಯಾಗ್ನೆಟಿಕ್ ಟ್ರ್ಯಾಕ್ 000ರಿಂದ 179 ಆದರೆ ಬೆಸ ಸಾವಿರಕ್ಕೆ 500 ಸೇರಿಸಿ, 180ರಿಂದ 359 ಆದರೆ ಸಮ ಸಾವಿರಕ್ಕೆ 500. ಹೋಗುವಾಗ 4,500 ಅಥವಾ 6,500, ಬರುವಾಗ 3,500 ಅಥವಾ 5,500. ಚಿತ್ರದುರ್ಗದ ಮೇಲೆ 4,500 ಎಂದರೆ ನೆಲದಿಂದ 2,100 ಮಾತ್ರ, ನಿಯಮ ಕಡ್ಡಾಯವಾಗುವುದೇ 5,400ರ ಮೇಲೆ. ಆದರೂ ಪಾಲಿಸಿ, ಎದುರಿನವರು ಪಾಲಿಸುತ್ತಿದ್ದರೆ 1,000 ಅಡಿ ಅಂತರ ಪುಕ್ಕಟೆ ಸಿಗುತ್ತದೆ. 3,500 ಮಾತ್ರ ಬೇಡ: ಅದು ಜೋಗಿಮಟ್ಟಿಗಿಂತ ಕೆಳಗೆ. 5,500ರಲ್ಲಿ ಬರಬೇಕಾದರೆ ಮೋಡದ ತಳ 6,500 ಬೇಕು, ಚಿತ್ರದುರ್ಗದ ನೆಲದಿಂದ 4,100 ಅಡಿ. ತಳ ಅಷ್ಟಿಲ್ಲದ ದಿನ ಹಿಂತಿರುಗುವ ಹಾರಾಟಕ್ಕೆ ಒಳ್ಳೆಯ ಎತ್ತರವೇ ಸಿಗುವುದಿಲ್ಲ ಎಂಬುದು ಹೊರಡುವ ಮೊದಲೇ ಗೊತ್ತಿರಬೇಕು.

ತೀರಾ ತಗ್ಗಿಗೆ ಇಳಿಯದಿರಲು ಇನ್ನೊಂದು ಹೊಸ ಕಾರಣವಿದೆ. ಗದ್ದೆ, ಅಡಿಕೆ ತೋಟಗಳಿಗೆ ಔಷಧ ಹೊಡೆಯುವ ಡ್ರೋನ್‌ಗಳು ಬಂದಿವೆ. 2021ರ ಡ್ರೋನ್ ನಿಯಮದಲ್ಲಿ ಹಸಿರು ವಲಯ 400 ಅಡಿವರೆಗೆ. ನಿಮ್ಮ ಕನಿಷ್ಠ 500. ಇಬ್ಬರೂ ನಿಯಮ ಪಾಲಿಸಿದರೂ ನಡುವೆ ಇರುವುದು 100 ಅಡಿ. ಕ್ಯುಎನ್‌ಎಚ್ (ಎತ್ತರಮಾಪಕಕ್ಕೆ ಕೊಡುವ ಗಾಳಿಯ ಒತ್ತಡ) ನಾಲ್ಕು ಹೆಕ್ಟೊಪಾಸ್ಕಲ್ ತಪ್ಪಾಗಿ ಇಟ್ಟರೆ ಅದೂ ಉಳಿಯುವುದಿಲ್ಲ, ಏಕೆಂದರೆ ಒಂದು ಹೆಕ್ಟೊಪಾಸ್ಕಲ್‌ಗೆ ಸುಮಾರು 30 ಅಡಿ.

ಕಾಲಕ್ಕೆ ತಕ್ಕ ತೊಂದರೆ

ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಭದ್ರಾ ಅಚ್ಚುಕಟ್ಟಿನ ಗದ್ದೆಗಳ ಮೇಲೆ, ತುಂಗಭದ್ರೆಯ ದಂಡೆಯಲ್ಲಿ, ಸೂಳೆಕೆರೆ ಆಸುಪಾಸಿನಲ್ಲಿ ಬೆಳಗಿನ ಮಂಜು ಕೂರುತ್ತದೆ. ಮೇಲಿನಿಂದ ನೇರ ಕೆಳಗೆ ನೋಡಿದರೆ ತೆಳುವಾಗಿ ರಸ್ತೆಯೇ ಕಾಣುತ್ತದೆ, ಓರೆಯಾಗಿ ನೋಡಿದರೆ ಏನೂ ಇಲ್ಲ. ನೇರ ಕೆಳಗಿನ ನೋಟವನ್ನು ಗೋಚರತೆ ಎಂದುಕೊಂಡರೆ ಮೋಸ. ಬಿಸಿಲೇರಿದ ಮೇಲೆ ಹೊರಡುವುದು ಜಾಣತನ.

ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಚೊಕ್ಕ ಆಕಾಶ, ಮಧ್ಯಾಹ್ನದ ನಂತರ ಗುಡುಗುಮೋಡ. ಅದರ ಮುಂದೆ ಓಡಿ ಬರುವ ಗಾಳಿ ಚಳ್ಳಕೆರೆ, ಹಿರಿಯೂರು ಕಡೆಯ ಒಣ ನೆಲದಿಂದ ಧೂಳೆಬ್ಬಿಸಿ ಗೋಚರತೆಯನ್ನು ನಿಮಿಷಗಳಲ್ಲಿ ಕೆಡಿಸುತ್ತದೆ. ಗುಡುಗುಮೋಡಕ್ಕೆ 1,500 ಮೀಟರ್ ಯಾವ ಲೆಕ್ಕಕ್ಕೂ ಸಾಲದು, 20 ನಾಟಿಕಲ್ ಮೈಲಿ ದೂರ ಇರಿ. ಮಧ್ಯಾಹ್ನ 1ರೊಳಗೆ ಇಳಿದಿರುವಂತೆ ಯೋಜನೆ ಹಾಕಿ.

ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡಿನ ಕಡೆಯಿಂದ ತಗ್ಗು ಮೋಡ, ಬಿರುಗಾಳಿ. ಇದು ಮಳೆ ನೆರಳಿನ ಸೀಮೆ, ಚಿತ್ರದುರ್ಗದಲ್ಲಿ ಮಳೆ ಬೀಳದಿರಬಹುದು. ಆದರೆ ಮಳೆ ಇಲ್ಲ ಎಂದರೆ ತಳ ಮೇಲಿದೆ ಎಂದು ಅರ್ಥವಲ್ಲ. ಮೇಲೆ ಹೇಳಿದ ಬಿಕೆಎನ್ 020 ಲೆಕ್ಕ ಈ ತಿಂಗಳುಗಳದ್ದೇ. ಇನ್ನು ಸಂಜೆ ದಾವಣಗೆರೆ ಕಡೆಗೆ 296 ಡಿಗ್ರಿಯಲ್ಲಿ ಹಾರುವಾಗ ಇಳಿಬಿಸಿಲು ಮುಖಕ್ಕೇ ಹೊಡೆಯುತ್ತದೆ. ಹೊಗೆ, ಧೂಳು ತುಸು ಇದ್ದರೂ ಪೂರ್ವಕ್ಕೆ 10 ಕಿ.ಮೀ. ಕಂಡದ್ದು ಪಶ್ಚಿಮಕ್ಕೆ 4 ಕಿ.ಮೀ. ಆಗಬಹುದು. ನೀವು ಹೋಗುವ ದಿಕ್ಕಿನ ಗೋಚರತೆಯೇ ನಿಮಗೆ ಮುಖ್ಯ.

ಕಾನೂನಿನ ಮಿತಿಯ ಮೇಲೆ ಶಾಲೆಯ ಮಿತಿ ಇರುತ್ತದೆ, ಅದರ ಮೇಲೆ ನಿಮ್ಮದೇ ಒಂದು ಇರಲಿ. ಈ ನೆಲಕ್ಕೆ ಮೊದಲ ಸೋಲೊ ಕ್ರಾಸ್‌ಕಂಟ್ರಿಗೆ ನಮ್ಮ ಸಲಹೆ: ಗೋಚರತೆ 8 ಕಿ.ಮೀ., ರೂಟ್‌ನ ಅತಿ ಎತ್ತರದ ಗುಡ್ಡದಿಂದ ಮೋಡದ ತಳಕ್ಕೆ 3,000 ಅಡಿ. ಜೋಗಿಮಟ್ಟಿ ಹಾದಿಯಲ್ಲಿದ್ದರೆ ತಳ ಸಮುದ್ರ ಮಟ್ಟದಿಂದ 6,800.

ಮಿತಿ ಮುರಿಯುತ್ತಿದೆ ಎನಿಸಿದಾಗ

ತಳ ತಗ್ಗುತ್ತಿದೆ ಎಂದು ಒಂದು ಸಲ 200 ಅಡಿ ಇಳಿದಿರಿ, ಸರಿ. ಎರಡನೇ ಸಲ ಇಳಿಯಬೇಕಾಗಿ ಬಂದರೆ ಇಳಿಯಬೇಡಿ, ತಿರುಗಿ. ಹೀಗೆ ಸ್ವಲ್ಪ ಸ್ವಲ್ಪ ಇಳಿಯುತ್ತಾ ಹೋಗಿಯೇ ವಿಎಫ್‌ಆರ್ ವಿಮಾನಗಳು ಗುಡ್ಡಕ್ಕೆ ಸಿಕ್ಕುವುದು. ಹಿಂದೆ ಬಿಟ್ಟು ಬಂದ ಆಕಾಶ ಚೆನ್ನಾಗಿತ್ತು ಎಂದು ನಿಮಗೆ ಗೊತ್ತು, ಮುಂದಿನದು ಗೊತ್ತಿಲ್ಲ. ಗುಡ್ಡಸಾಲು ಎಡಕ್ಕಿದ್ದರೆ ಬಲಕ್ಕೆ, ಬಲಕ್ಕಿದ್ದರೆ ಎಡಕ್ಕೆ ತಿರುಗಿ. ಸ್ಟ್ಯಾಂಡರ್ಡ್ ರೇಟ್‌ನಲ್ಲಿ 180 ಡಿಗ್ರಿಗೆ ಒಂದು ನಿಮಿಷ, 90 ನಾಟ್‌ಗೆ ಸುಮಾರು 14 ಡಿಗ್ರಿ ಬ್ಯಾಂಕ್. ಎತ್ತರ ಕಳೆಯಬೇಡಿ. ಹೆಡಿಂಗ್ ನೇರವಾದ ಮೇಲೆಯೇ ರೇಡಿಯೊ: ಕಾಲ್‌ಸೈನ್, ಎಲ್ಲಿದ್ದೀರಿ, ಎಷ್ಟು ಎತ್ತರ, ಹವಾಮಾನದಿಂದಾಗಿ ಯಾವ ನಿಲ್ದಾಣಕ್ಕೆ ವಾಪಸ್, ಅಲ್ಲಿ ತಲುಪುವ ಸಮಯ. ಕ್ಲಾಸ್ ಡಿ ಒಳಗಿದ್ದು ಮಿತಿ ಕಾಯ್ದುಕೊಳ್ಳಲು ಆಗುತ್ತಿಲ್ಲವಾದರೆ ಅದನ್ನೇ ಸ್ಪಷ್ಟವಾಗಿ ಹೇಳಿ, ಮಿತಿಯೊಳಗೆ ಇಳಿಯಲು ಅಥವಾ ಜೋನ್ ಬಿಡಲು ಹೊಸ ಕ್ಲಿಯರೆನ್ಸ್ ಕೇಳಿ. ಮೋಡದೊಳಗೆ ಹೋದ ಮೇಲೆ ಹೇಳುವುದಕ್ಕಿಂತ ಐದು ನಿಮಿಷ ಮೊದಲು ಹೇಳಿದರೆ ಅವರ ಕೈಯಲ್ಲಿ ಸಹಾಯ ಮಾಡಲು ದಾರಿಗಳು ಹೆಚ್ಚಿರುತ್ತವೆ.

ಬೇರೆ ನಿಲ್ದಾಣದಲ್ಲಿ ಇಳಿದರೆ ಎಂಜಿನ್ ನಿಲ್ಲಿಸಿದ ಮೇಲೆ ಮೊದಲ ಕೆಲಸ ಫ್ಲೈಟ್ ಪ್ಲಾನ್ ಮುಚ್ಚಿಸುವುದು ಮತ್ತು ಇನ್‌ಸ್ಟ್ರಕ್ಟರ್‌ಗೆ ಫೋನ್. ನೀವು ಹೇಳಿದ ತಲುಪುವ ಸಮಯದಿಂದ 30 ನಿಮಿಷದೊಳಗೆ ಸುದ್ದಿ ಇಲ್ಲದಿದ್ದರೆ ಎಟಿಸಿ ಅನಿಶ್ಚಿತತೆಯ ಹಂತ ಘೋಷಿಸಿ ವಿಚಾರಣೆ ಶುರುಮಾಡುತ್ತದೆ.